ಗಾಳಿಗೆ ಬೀಳುವ ಹೆಬ್ಬೇವು: ತಪ್ಪಾಗುವುದು ನೆಟ್ಟ ದಿನವೇ

ಅಶ್ವಿನಿ, ಭರಣಿ ಮಳೆಯ ಜೊತೆ ಬಿರುಗಾಳಿ ಬೀಸಿದ ಮಾರನೇ ದಿನ ಹೆಬ್ಬೇವು ಬೆಳೆದವರಿಂದ ಪ್ರತಿ ವರ್ಷ ಅದೇ ದೂರು: ಮೂರು-ನಾಲ್ಕು ವರ್ಷದ ಮರಗಳು ಸಾಲುಸಾಲಾಗಿ ಮಲಗಿವೆ. ‘ಈ ಜಾತಿಯೇ ಗಾಳಿಗೆ ನಿಲ್ಲುವುದಿಲ್ಲ ಸಾರ್’ ಎನ್ನುತ್ತಾರೆ. ಬುಡಸಮೇತ ಕಿತ್ತುಬಿದ್ದ ಮರದ ಬೇರಿಗೆ ಎರಡು ಕೊಡ ನೀರು ಸುರಿದು ಮಣ್ಣು ತೊಳೆದು ನೋಡಿ. ಬಹಳಷ್ಟು ಕಡೆ ಬೇರುಗಳು ನರ್ಸರಿ ಚೀಲದ ಅಳತೆಗೇ ಸುತ್ತಿಕೊಂಡು ಒಂದನ್ನೊಂದು ಬಿಗಿದಿರುತ್ತವೆ. ತಾಯಿಬೇರು ಚೀಲದ ತಳ ಮುಟ್ಟಿದಲ್ಲಿ ಮಡಚಿ ಮೇಲಕ್ಕೆ ತಿರುಗಿರುತ್ತದೆ. ಮಣ್ಣನ್ನೇ ಹಿಡಿಯದ ಬೇರು ಮರವನ್ನು ಹೇಗೆ ಹಿಡಿದೀತು?

ಎಷ್ಟು ಸಲ ಹೇಳಿದರೂ ನಿಲ್ಲದ ತಪ್ಪು ಇದೇ. ನರ್ಸರಿಗೆ ಹೋದವರು ಎಲ್ಲಕ್ಕಿಂತ ಎತ್ತರದ ಸಸಿಗೇ ಕೈ ಹಾಕುತ್ತಾರೆ. ಅದು ಚೀಲದಲ್ಲೇ ವರ್ಷ ಕಳೆದು ಬೇರು ಸುರುಳಿಯಾದ ಸಸಿ. ಒಂದೂವರೆಯಿಂದ ಎರಡು ಅಡಿ ಎತ್ತರದ, ಪೆನ್ಸಿಲ್ ದಪ್ಪದ ಸಸಿ ಸಾಕು. ನೆಡುವಾಗ ಚೀಲವನ್ನು ಪೂರ್ತಿ ತೆಗೆಯಿರಿ. ತಳ ಮಾತ್ರ ಹರಿದು ನೆಡುವುದು ಸೋಮಾರಿತನ, ಅದಕ್ಕೆ ದಂಡ ತೆರುವುದು ನಾಲ್ಕನೇ ವರ್ಷ. ಹರಿತವಾದ ಬ್ಲೇಡಿನಿಂದ ಮಣ್ಣಿನ ಹೆಂಟೆಯ ತಳದಲ್ಲಿ ಒಂದು ಇಂಚು ಕತ್ತರಿಸಿ ತೆಗೆಯಿರಿ. ಪಕ್ಕದಲ್ಲಿ ನಾಲ್ಕು ಕಡೆ ಮೇಲಿನಿಂದ ಕೆಳಗೆ ಅರ್ಧ ಇಂಚು ಆಳಕ್ಕೆ ಸೀಳಿ. ಸಸಿ ಸಾಯುತ್ತದೆಂಬ ಭಯ ಬೇಡ, ಕತ್ತರಿಸಿದಲ್ಲಿಂದ ಹೊಸ ಬೇರು ನೇರ ಹೊರಡುತ್ತದೆ.

ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ ಇರಲಿ. ಯಂತ್ರದಿಂದ ಕೊರೆಸಿದರೆ ಒಳಗೋಡೆ ನುಣುಪಾಗಿ ಗಟ್ಟಿಯಾಗುತ್ತದೆ, ಹಾರೆಯಿಂದ ಕೆರೆದು ಒರಟು ಮಾಡಿ. ಮೇಲ್ಮಣ್ಣಿನ ಜೊತೆ 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮೊದಲ ವರ್ಷ ಗಿಡಕ್ಕೆ ಯೂರಿಯಾ 50 ಗ್ರಾಂ ಸಾಕು, ಅದೂ 25 ಗ್ರಾಂನಂತೆ ಎರಡು ಕಂತು, ಬುಡದಿಂದ ಒಂದಡಿ ದೂರದಲ್ಲಿ. ಹಿಡಿಗಟ್ಟಲೆ ಸುರಿದರೆ ಗಿಡ ಉದ್ದಕ್ಕೆ ಓಡುತ್ತದೆ, ಕಾಂಡ ದಪ್ಪವಾಗುವುದಿಲ್ಲ.

ಕಾಂಡದ ಲೆಕ್ಕ ತಿಳಿದಿರಲಿ. ಗಾಳಿಯ ವೇಗ ಎರಡರಷ್ಟಾದರೆ ಮರದ ಮೇಲೆ ಬೀಳುವ ಒತ್ತಡ ಸುಮಾರು ನಾಲ್ಕರಷ್ಟು. ಕಾಂಡದ ದಪ್ಪ ಎರಡರಷ್ಟಾದರೆ ಬಾಗಿ ಮುರಿಯದಂತೆ ತಡೆಯುವ ಬಲ ಎಂಟರಷ್ಟು. ಎತ್ತರ ಕಾಂಡದ ವ್ಯಾಸದ 80 ಪಟ್ಟು ಮೀರಬಾರದು. ಅಂದರೆ 40 ಅಡಿ ಮರಕ್ಕೆ ಎದೆಮಟ್ಟದಲ್ಲಿ 19 ಇಂಚು ಸುತ್ತಳತೆ ಇರಬೇಕು. 15 ಇಂಚಿಗೆ ಇಳಿದರೆ ಅಪಾಯ. ಶೀತ ದೇಶಗಳ ಪೈನ್ ಜಾತಿಯ ಕಾಡುಗಳಿಂದ ಬಂದ ಲೆಕ್ಕವಾದರೂ ನಮ್ಮ ಅಂದಾಜಿಗೆ ಸಾಲುತ್ತದೆ.

ಡ್ರಿಪ್ ಹಾಕಿದವರು ಬುಡಕ್ಕೇ ದಿನಾ ಅರ್ಧ ಗಂಟೆ ನೀರು ಬಿಡುತ್ತಾರೆ. ನೀರು ಕಾಲಬುಡದಲ್ಲೇ ಸಿಗುವಾಗ ಬೇರು ಆಳಕ್ಕೇಕೆ ಹೋಗುತ್ತದೆ? ಗಿಡ ಹಿಡಿದ ಮೇಲೆ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಡಿ, ಎರಡನೇ ವರ್ಷ ಲ್ಯಾಟರಲನ್ನು ಬುಡದಿಂದ ಎರಡಡಿ ಆಚೆ ಸರಿಸಿ. ಮಣ್ಣು ನೆನೆದು ಕೆಸರಾದಷ್ಟೂ ಬೇರಿನ ಹಿಡಿತ ಸಡಿಲ, ಆದ್ದರಿಂದ ಗಾಳಿ ಮಳೆಯ ತಿಂಗಳಲ್ಲಿ ತೋಟದಲ್ಲಿ ನೀರು ನಿಲ್ಲಬಾರದು.

ಪ್ಲೈವುಡ್ಡಿನ ಆಸೆಗೆ ತುದಿಯಲ್ಲೊಂದು ಕುಚ್ಚು ಬಿಟ್ಟು ಕೊಂಬೆಯೆಲ್ಲ ಸವರಬೇಡಿ. ಒಂದು ಸಲಕ್ಕೆ ಹಸಿರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಡುವಿನ ಮರ ಕಡಿಯುವುದಿದ್ದರೆ ಮಳೆಗಾಲ ಮುಗಿದ ಮೇಲೆ ಕಡಿಯಿರಿ, ಅದೂ ಎರಡು ವರ್ಷದಲ್ಲಿ ಹಂತಹಂತವಾಗಿ. ಒತ್ತಾಗಿ ಬೆಳೆದ ಮರ ಪಕ್ಕದವುಗಳ ಆಸರೆಯಲ್ಲಿ ನಿಂತಿರುತ್ತದೆ. ಮಾರ್ಚಿನಲ್ಲಿ ಅರ್ಧ ತೋಟ ಕಡಿದು ಏಪ್ರಿಲ್ಲಿನಲ್ಲಿ ಅಳುವವರಿಗೆ ಏನು ಹೇಳಲಿ? ಗಾಳಿ ಬರುವ ಕಡೆಯ ಅಂಚಿನ ಸಾಲನ್ನಂತೂ ಮುಟ್ಟಲೇಬೇಡಿ.

ಬದುಕಿದ ಗಿಡ ಎಣಿಸಿ ಹಣ ಕೊಡುವ ಯೋಜನೆಗಳ ವಿವರ ಇಲ್ಲಿ ಕೊಡುತ್ತಿಲ್ಲ. ಎಣಿಸುವವರು ಬೇರು ನೋಡುವುದಿಲ್ಲ.

ಎರಡು ವರ್ಷದೊಳಗಿನ ಗಿಡ ವಾಲಿದ್ದರೆ ಮಣ್ಣು ಹಸಿಯಿರುವಾಗಲೇ, ಎರಡು-ಮೂರು ದಿನದೊಳಗೆ ನೆಟ್ಟಗೆ ಮಾಡಿ ಬುಡ ತುಳಿದು ಗಟ್ಟಿ ಮಾಡಿ. ಊರುಗೋಲಿಗೆ ಗೋಣಿನಾರಿನಿಂದ ಸಡಿಲವಾಗಿ ಕಟ್ಟಿ, ಕಾಂಡ ತುಸು ಓಲಾಡುತ್ತಿರಲಿ, ಓಲಾಡಿದರೇ ಅದು ದಪ್ಪವಾಗುವುದು. ಮುಂದಿನ ಬೇಸಿಗೆಗೆ ಮೊದಲು ಕಟ್ಟು ಬಿಚ್ಚಿ. ಬೇರು ಮುರಿದು ಬಿದ್ದ ದೊಡ್ಡ ಮರವನ್ನು ಎತ್ತಿ ನಿಲ್ಲಿಸಲು ಕೂಲಿ ಖರ್ಚು ಮಾಡಬೇಡಿ, ಕಡಿದು ಮಾರಿ.