ಮರಳಿ ಬಂದ ಮುಖಗಳು

ಬಿದ್ದ ಮನೆಯನ್ನು ಮತ್ತೆ ಕಟ್ಟಬಹುದು. ಹೋದ ಪಾತ್ರೆ ಪದಾರ್ಥಗಳನ್ನು ಮತ್ತೆ ಕೊಳ್ಳಬಹುದು. ಆದರೆ ಅಗಲಿದ ತಾಯಿಯ ಒಂದೇ ಒಂದು ಭಾವಚಿತ್ರ ಕಳೆದುಹೋದರೆ ಅದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಜಪಾನಿನ ಕರಾವಳಿಯ ಜನರು ಈ ಸತ್ಯವನ್ನು 2011ರಲ್ಲಿ ಕಣ್ಣೀರಿನೊಡನೆ ಅರಿತುಕೊಂಡರು.

ಆ ವರ್ಷದ ಮಾರ್ಚ್ 11ರ ಮಧ್ಯಾಹ್ನ ಜಪಾನಿನ ಈಶಾನ್ಯ ಭಾಗದ ಸಮುದ್ರತಳದಲ್ಲಿ 9.0 ಪ್ರಮಾಣದ ಭೂಕಂಪವಾಯಿತು. ಅದರ ಹಿಂದೆಯೇ ಸುನಾಮಿಯ ಹೆದ್ದೆರೆಗಳು ಎದ್ದುಬಂದು ಊರೂರುಗಳನ್ನೇ ಕೊಚ್ಚಿಕೊಂಡುಹೋದವು. ಸುಮಾರು 15,900 ಮಂದಿ ಮಡಿದರು. 2,500ಕ್ಕೂ ಹೆಚ್ಚು ಮಂದಿಯ ಸುಳಿವೇ ಸಿಗಲಿಲ್ಲ.

ಕಣ್ಮರೆಯಾದವರನ್ನು ಹುಡುಕುತ್ತಿದ್ದ ಸೈನಿಕರಿಗೂ ಅಗ್ನಿಶಾಮಕ ದಳದವರಿಗೂ ಕೆಸರಿನಲ್ಲಿ ಹೂತುಹೋಗಿದ್ದ ಛಾಯಾಚಿತ್ರಗಳು ಕಣ್ಣಿಗೆ ಬೀಳತೊಡಗಿದವು. ಮದುವೆಯ ದಿನದ ವಧೂವರರು, ಶಾಲೆಗೆ ಮೊದಲ ದಿನ ಹೊರಟ ಮಗು, ಅಂಗಳದಲ್ಲಿ ಕುಳಿತ ಅಜ್ಜ - ಇವನ್ನು ಕಸವೆಂದು ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಅವುಗಳನ್ನು ಆಯ್ದು ಒಂದೆಡೆ ಕೂಡಿಸಿದರು. ಮಿಯಾಗಿ ಪ್ರಾಂತದ ಯಾಮಾಮೊಟೊ ಎಂಬ ಚಿಕ್ಕ ಪಟ್ಟಣವೊಂದರಲ್ಲಿಯೇ ಸುಮಾರು 7,50,000 ಚಿತ್ರಗಳು ದೊರೆತವು.

ಆದರೆ ಈ ಚಿತ್ರಗಳು ಹೆಚ್ಚು ಕಾಲ ಉಳಿಯುವಂತಿರಲಿಲ್ಲ. ಛಾಯಾಚಿತ್ರದ ಕಾಗದದ ಮೇಲೆ ಜೆಲಾಟಿನ್ ಎಂಬ ವಸ್ತುವಿನ ತೆಳುವಾದ ಪದರಗಳಿರುತ್ತವೆ, ಚಿತ್ರವಿರುವುದು ಅವುಗಳಲ್ಲಿಯೇ. ಜೆಲಾಟಿನನ್ನು ಪ್ರಾಣಿಗಳ ಮೂಳೆ ಚರ್ಮಗಳಿಂದ ತಯಾರಿಸುತ್ತಾರೆ. ಆದುದರಿಂದ ತೇವದಲ್ಲಿ ಸೂಕ್ಷ್ಮಜೀವಿಗಳಿಗೆ ಅದು ಆಹಾರವಾಗುತ್ತದೆ. ಬಣ್ಣಗಳು ಅಂಚಿನಿಂದ ಕರಗುತ್ತ ಒಳಗೆ ಸಾಗುತ್ತವೆ. ಸ್ವಯಂಸೇವಕರು ಒಂದೊಂದು ಚಿತ್ರವನ್ನೂ ನೀರಿನಲ್ಲಿಟ್ಟು, ಮೃದುವಾದ ಕುಂಚದಿಂದ ಕೆಸರನ್ನು ತೊಳೆದು, ಹಗ್ಗಕ್ಕೆ ತೂಗುಹಾಕಿ ಒಣಗಿಸಿದರು. ಹೆಚ್ಚು ತೊಳೆದರೆ ಉಳಿದ ಚಿತ್ರವೂ ನೀರುಪಾಲಾಗುತ್ತದೆ. ಕಡಿಮೆ ತೊಳೆದರೆ ಕೊಳೆತ ನಿಲ್ಲುವುದಿಲ್ಲ. ಎಲ್ಲಿ ಕೈ ತಡೆಯಬೇಕೆಂಬುದನ್ನು ತಿಳಿಯುವುದೇ ಅಲ್ಲಿನ ವಿದ್ಯೆ.

ತೊಳೆದ ಮೇಲೂ ಕಲೆಗಳು, ಬಿರುಕುಗಳು ಉಳಿದವು. ಅವುಗಳನ್ನು ನೀಗಲು ಗಣಕಯಂತ್ರ ನೆರವಾಯಿತು. ನ್ಯೂಯಾರ್ಕಿನಲ್ಲಿ ಛಾಯಾಚಿತ್ರಗಳನ್ನು ತಿದ್ದುವ ವೃತ್ತಿಯಲ್ಲಿದ್ದ ಬೆಕಿ ಮ್ಯಾನ್ಸನ್ ಎಂಬಾಕೆ ಸ್ವಯಂಸೇವಕಿಯಾಗಿ ಜಪಾನಿಗೆ ಬಂದಿದ್ದರು. ಚಿತ್ರಗಳನ್ನು ಸ್ಕ್ಯಾನರಿನಿಂದ ಪ್ರತಿಮಾಡಿ ತಿದ್ದಿಕೊಡಿರೆಂದು ಅವರು ತಮ್ಮ ವೃತ್ತಿಬಾಂಧವರನ್ನು ಕೋರಿದರು. ನಾನಾ ದೇಶಗಳ 500ಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ಮೂಲಚಿತ್ರಕ್ಕೆ ಕೈ ತಗಲಿಸದೆ, ಅದರ ಪ್ರತಿಯಲ್ಲಿ ಮಾತ್ರ ಅವರು ಕೆಲಸ ಮಾಡಿದರು. ಕಲೆಯಾದ ಗೋಡೆಗೆ ಪಕ್ಕದ ಗೋಡೆಯ ಬಣ್ಣವನ್ನು ತುಂಬಿದರು. ಹರಿದ ಆಕಾಶವನ್ನು ಉಳಿದ ಆಕಾಶದಿಂದ ಕೂಡಿಸಿದರು.

ಆದರೆ ಈ ಕಲೆಗೆ ಒಂದು ಎಲ್ಲೆಯಿದೆ. ಗೋಡೆಯನ್ನು ಊಹಿಸಬಹುದು, ಮುಖವನ್ನು ಊಹಿಸಲಾಗದು. ತಾಯಿಯ ಉಡುಪಿನ ಬಣ್ಣ ಯಾವುದು, ಅವಳ ಗಲ್ಲದ ಮೇಲಿರುವುದು ಮಚ್ಚೆಯೋ ಕೆಸರಿನ ಕಲೆಯೋ ಎಂಬುದನ್ನು ಹೇಳಬಲ್ಲವರು ಅವಳ ಮಕ್ಕಳೇ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಅಳಿಸಿಹೋದ ಮುಖವನ್ನೂ ಕ್ಷಣಮಾತ್ರದಲ್ಲಿ ತುಂಬಿಕೊಡಬಲ್ಲವು. ಆ ಮುಖ ಸುಂದರವಾಗಿರಬಹುದು. ಆದರೆ ಅದು ತಾಯಿಯದಲ್ಲ. ದುಃಖಿತರಿಗೆ ಬೇಕಾದುದು ಚೆಲುವಲ್ಲ, ನಿಜ. ತನಗೆ ತಿಳಿಯದುದನ್ನು ಬರಿದಾಗಿಯೇ ಬಿಡುವ ಪ್ರಾಮಾಣಿಕತೆ ತಿದ್ದುವವನಿಗೆ ಇರಬೇಕು.

ಮ್ಯಾನ್ಸನ್ ಅವರಿದ್ದ ತಂಡವು 1,35,000 ಚಿತ್ರಗಳನ್ನು ಕೈಯಿಂದಲೇ ಶುಚಿಗೊಳಿಸಿತು. ತಿದ್ದಿದ ಚಿತ್ರಗಳು 90 ಕುಟುಂಬಗಳ ಕೈಸೇರಿದವು. ಆದ ನಷ್ಟದ ಎದುರಿನಲ್ಲಿ ಇದು ಅತ್ಯಲ್ಪವೆಂದು ತೋರಬಹುದು. ಆದರೆ ಮನೆಮಠಗಳನ್ನೆಲ್ಲ ಕಳೆದುಕೊಂಡು ನಿಂತವನ ಅಂಗೈಯಲ್ಲಿ ಮಡಿದ ಮಗುವಿನ ನಗುಮುಖವನ್ನು ಇಟ್ಟಾಗ, ಅದರ ಬೆಲೆಯನ್ನು ಎಣಿಸುವವರಾರು? ಎಂದೂ ಕಂಡಿರದ ಮನುಷ್ಯನೊಬ್ಬನ ನೆನಪನ್ನು ತನ್ನದೆಂಬಂತೆ ಕಾಪಾಡಿಕೊಡುವುದೂ ಒಂದು ದೊಡ್ಡ ದಾನವೇ ಸರಿ.