ಆಸ್ಪತ್ರೆಯ ಬೋರ್ಡಿನಲ್ಲಿ ಗ್ರೀಕ್

ದೊಡ್ಡ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಬೋರ್ಡನ್ನು ನೆನಪಿಸಿಕೊಳ್ಳಿ: ಕಾರ್ಡಿಯಾಲಜಿ, ನೆಫ್ರಾಲಜಿ, ಡರ್ಮಟಾಲಜಿ, ಗ್ಯಾಸ್ಟ್ರೋಎಂಟರಾಲಜಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇಲ್ಲಿ ತಡವರಿಸುತ್ತಾರೆ. ಏಕೆಂದರೆ ಇವೆಲ್ಲ ಗ್ರೀಕ್ ತುಂಡುಗಳನ್ನು ಜೋಡಿಸಿ ಕಟ್ಟಿದ ಪದಗಳು. ತುಂಡುಗಳ ಗುರುತು ಹತ್ತಿದರೆ ಎಷ್ಟೇ ಉದ್ದದ ಪದವನ್ನಾದರೂ ಬಿಡಿಸಬಹುದು.

ಬಿಡಿಸುವುದನ್ನು ಕೊನೆಯಿಂದ ಶುರುಮಾಡಿ. ಕನ್ನಡಿಗರಿಗೆ ಇದೇನೂ ಹೊಸದಲ್ಲ. ಬಡತನ, ಜಾಣತನ, ದೊಡ್ಡತನ ಎಂಬಲ್ಲಿ ‘ತನ’ ಕಂಡೊಡನೆ ಅದೊಂದು ಗುಣ ಅಥವಾ ಸ್ಥಿತಿ ಎಂದು ತಿಳಿಯುತ್ತದೆ. ಹಾಗೆಯೇ ‘ಲಜಿ’ ಕಂಡರೆ ಶಾಸ್ತ್ರ ಎಂದುಕೊಳ್ಳಿ. ಅದರ ಮೂಲ ‘ಲೋಗೋಸ್’. ಅಂದರೆ ಮಾತು, ವಿಚಾರ. ಮುಂದೆ ಉಳಿಯುವುದು ಅಂಗದ ಹೆಸರು: ಕಾರ್ಡಿಯಾ ಹೃದಯ, ನೆಫ್ರೋಸ್ ಮೂತ್ರಪಿಂಡ, ಡರ್ಮಾ ಚರ್ಮ, ಗ್ಯಾಸ್ಟರ್ ಹೊಟ್ಟೆ, ಎಂಟೆರಾನ್ ಕರುಳು.

ಇನ್ನೊಂದು ಪ್ರತ್ಯಯ ‘ಐಟಿಸ್’. ಇಂದು ಅದರರ್ಥ ಉರಿಯೂತ. ಗ್ರೀಕರಿಗೆ ಅದು ‘ಸಂಬಂಧಪಟ್ಟ’ ಎಂಬಷ್ಟೇ ಆಗಿತ್ತು. ಆರ್ಥ್ರಾನ್ ಅಂದರೆ ಕೀಲು, ಆರ್ಥ್ರೈಟಿಸ್ ಅಂದರೆ ಕೀಲಿಗೆ ಸಂಬಂಧಪಟ್ಟ ರೋಗ. ಉರಿಯೂತದ ಅರ್ಥ ವೈದ್ಯರ ಬಳಕೆಯಲ್ಲಿ ಆಮೇಲೆ ನೆಲೆಯಾಯಿತು. ಹೆಪಾರ್ ಯಕೃತ್ತಾದ್ದರಿಂದ ಹೆಪಟೈಟಿಸ್ ಯಕೃತ್ತಿನ ಉರಿಯೂತ.

ಶಸ್ತ್ರಚಿಕಿತ್ಸೆಯ ಪದಗಳ ಬಳಿ ಸ್ವಲ್ಪ ನಿಲ್ಲೋಣ. ‘ಟಮಿ’ ಎಂದರೆ ಕೊಯ್ಯುವುದು. ಅದರ ಮುಂದೆ ‘ಹೊರಗೆ’ ಎಂಬರ್ಥದ ‘ಎಕ್’ ಬಂದು ‘ಎಕ್ಟಮಿ’ ಆದರೆ ಕೊಯ್ದು ತೆಗೆಯುವುದು. ಹಿಸ್ಟೆರಾ ಗರ್ಭಕೋಶ, ಹಿಸ್ಟರೆಕ್ಟಮಿ ಗರ್ಭಕೋಶವನ್ನೇ ತೆಗೆಯುವ ಶಸ್ತ್ರಚಿಕಿತ್ಸೆ. ‘ಆಸ್ಟಮಿ’ ಬೇರೆಯದೇ. ಅಲ್ಲಿರುವುದು ಸ್ಟೋಮಾ, ಅಂದರೆ ಬಾಯಿ. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಅದೇ ಕರುಳಿಗೆ ಹೊಟ್ಟೆಯ ಮೇಲೆ ದಾರಿ ಮಾಡಿಕೊಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಪ್ರತಿಯೊಬ್ಬರಿಗೂ ಈ ವ್ಯತ್ಯಾಸ ಗೊತ್ತಿರಬೇಕು ಎಂಬುದು ನನ್ನ ಆಸೆ.

ಪದದ ಮೊದಲಲ್ಲಿ ಬರುವ ‘ಅ’, ‘ಅನ್’ ನಮಗೆ ಹಳೆಯ ನೆಂಟರು. ‘ಇಲ್ಲ’ ಎಂದು ಹೇಳಲು ಗ್ರೀಕ್ ಭಾಷೆ ವ್ಯಂಜನದ ಮುಂದೆ ಒಂದನ್ನು, ಸ್ವರದ ಮುಂದೆ ಇನ್ನೊಂದನ್ನು ಬಳಸುತ್ತದೆ. ಸಂಸ್ಕೃತದ ನಿಯಮವೂ ಇದೇ. ಅಲ್ಲಿಂದ ಬಂದ ಅಶಕ್ತ, ಅನಾರೋಗ್ಯ ನಮ್ಮ ದಿನದ ಮಾತಾಗಿವೆ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು, ಆದ್ದರಿಂದ ಈ ಹೋಲಿಕೆ. ಹೈಮಾ ರಕ್ತ, ಅನೀಮಿಯಾ ರಕ್ತಹೀನತೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಆರ್ಥೋಪೀಡಿಕ್ಸ್ ಎಂಬಲ್ಲಿನ ‘ಪೀಡ್’ ಅನ್ನು ಕಾಲು ಎಂದುಕೊಳ್ಳುವವರು ಬಹಳ. ಸೈಕಲ್ಲಿನ ಪೆಡಲ್‌ನಲ್ಲಿರುವ ಕಾಲು ಲ್ಯಾಟಿನ್ನಿನದು. ಇಲ್ಲಿರುವುದು ಗ್ರೀಕಿನ ಮಗು. ‘ಆರ್ಥೋಸ್’ ಎಂದರೆ ನೆಟ್ಟಗಿನ. ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ 1741ರಲ್ಲಿ, ಮಕ್ಕಳ ದೇಹದ ಸೊಟ್ಟತನ ತಡೆದು ಸರಿಪಡಿಸುವ ಬಗ್ಗೆ ಬರೆದ ಪುಸ್ತಕಕ್ಕೆಂದು ಈ ಪದವನ್ನು ಕಟ್ಟಿದ. ಇಂದು ಅಜ್ಜಿಯ ಮಂಡಿನೋವಿಗೂ ಅದೇ ವಿಭಾಗ! ಪೀಡಿಯಾಟ್ರಿಕ್ಸ್‌ನಲ್ಲಿ ಇರುವುದೂ ಅದೇ ಮಗು, ಜೊತೆಗೆ ‘ಇಯಾಟ್ರೋಸ್’, ಅಂದರೆ ವೈದ್ಯ.

ಇನ್ನು ನೀವೇ ಒಂದನ್ನು ಬಿಡಿಸಿ: ಆಸ್ಟಿಯೋಆರ್ಥ್ರೈಟಿಸ್. ಆಸ್ಟಿಯಾನ್ ಎಂದರೆ ಮೂಳೆ. ಉಳಿದ ಎರಡು ತುಂಡುಗಳು ಮೇಲೆಯೇ ಇವೆ, ಹುಡುಕಿಕೊಳ್ಳಿ.