ಕೋಚಿಂಗ್‌ಗಿಂತ ಮೊದಲು ಬರವಣಿಗೆ

ಬೀದರ್ ಸೀಮೆಯ ಕೊಡಂಬಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೈದರಾಬಾದಿನ ಕೋಚಿಂಗ್ ಇಲ್ಲದೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ; ಬರವಣಿಗೆಯಿಂದ ಶುರುಮಾಡಿ. ಮಾತಿನ ಪರೀಕ್ಷೆ 11ರಿಂದ 14 ನಿಮಿಷದ ಸಂಭಾಷಣೆ; ಉಚ್ಚಾರಣೆ ಸ್ಪಷ್ಟವಾಗಿದ್ದರೆ ನಮ್ಮ ಕಡೆಯ ಧಾಟಿ ತೊಡಕಾಗದು. ಕನ್ನಡ, ದಖನಿ, ಮರಾಠಿ, ತೆಲುಗು ಬೆರೆಯುವ ಬೀದರ್ ಸೀಮೆಯವರಿಗೆ ಭಾಷೆ ಬದಲಿಸಿ ಮಾತಾಡುವುದು ಹೊಸತೇನಲ್ಲ. ಬರವಣಿಗೆಯೇ ಬಿಗಿ: 60 ನಿಮಿಷದಲ್ಲಿ ಎರಡು ಬರಹ, ಕನಿಷ್ಠ 150 ಮತ್ತು 250 ಪದ; ಎರಡನೆಯದಕ್ಕೆ ಇಮ್ಮಡಿ ತೂಕ. ಪ್ರಬಂಧ ಬಾಯಿಪಾಠ ಮಾಡಿದರಾಗದೇ ಎನ್ನಬಹುದು. ಆಗದು, ಕಂಠಪಾಠದ ಉತ್ತರಕ್ಕೆ ಅಂಕ ಕುಸಿಯುತ್ತದೆ. ವಾರಕ್ಕೆ ಮೂರು ಪ್ರಬಂಧ ಗಡಿಯಾರ ನೋಡಿಕೊಂಡು ಬರೆದು, ಊರಿನ ಇಂಗ್ಲಿಷ್ ಮೇಷ್ಟ್ರಿಂದ ತಿದ್ದಿಸಿಕೊಳ್ಳಿ. ತಿದ್ದುವವರೇ ಸಿಗದಿದ್ದರೆ ಕೋಚಿಂಗ್‌ಗೆ ಹಣ ಹಾಕಿ. ಫಲಿತಾಂಶಕ್ಕೆ ಸಾಮಾನ್ಯವಾಗಿ 2 ವರ್ಷವಷ್ಟೇ ಮಾನ್ಯತೆ. ಆದ್ದರಿಂದ ಸೇರುವ ಸಂಸ್ಥೆ ಕೇಳುವ ಬ್ಯಾಂಡ್ ಅಂಕ ತಿಳಿದ ಮೇಲೆಯೇ ಪರೀಕ್ಷಾ ಶುಲ್ಕ ಕಟ್ಟಿ.